ಶೆಲ್ ಒಗೆದವರು ಯಾರು? ಹಾವೇರಿ ಜಿಲ್ಲೆಯ ಒಂದು ತರಗತಿಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬರುವ ಕಾಲೇಜು ಯಾವುದು, ಮೇಡಂ ಯಾರು, ಹುಡುಗರು ಯಾರ ಮಕ್ಕಳು ಅಂತ ಗೊತ್ತಾಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜು, ಬಿ.ಎ. ಕೊನೆಯ ವರ್ಷ, ರಾಜ್ಯಶಾಸ್ತ್ರ. ಅಷ್ಟು ಸಾಕು. ನಾನು ಧಾರವಾಡದಲ್ಲಿ ಅದೇ ವಿಷಯ ಕಲಿಸುವವನು. ಮೇಡಂ ಬರೆದಿಟ್ಟ ಟಿಪ್ಪಣಿ, ಹುಡುಗರು ಬರೆದುಕೊಟ್ಟ ಹಾಳೆಗಳ ಕಟ್ಟು ನನ್ನ ಹತ್ತಿರ ಇವೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಯಾಕೆ ಬರೆಯಬೇಕು ಅನ್ನಿಸಿತು ಅಂದ್ರೆ, ನಮ್ಮಲ್ಲಿ ವಿದೇಶಾಂಗ ನೀತಿ ಕಲಿಸುವುದು ಅಂದ್ರೆ ಪಂಚಶೀಲ, ಅಲಿಪ್ತ ನೀತಿ, ಸಾರ್ಕ್ ಅಂತ ನೋಟ್ಸ್ ಬರೆಸುವುದು. ಒಂದು ದೇಶ ನಮ್ಮದು, ಇನ್ನೊಂದು ನಮ್ಮದಲ್ಲ ಅನ್ನುವ ಭಾವನೆ ಹಾವೇರಿಯ ಇಪ್ಪತ್ತು ವರ್ಷದ ಹುಡುಗನ ತಲೆಗೆ ಎಲ್ಲಿಂದ ಬಂತು ಅನ್ನೋದು ಯಾವ ನೋಟ್ಸಿನಲ್ಲೂ ಇಲ್ಲ.

ಹಿನ್ನೆಲೆ

2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ನಮ್ಮ ಕಡೆ ಹೊರದೇಶದ ಯುದ್ಧ ಟಿವಿಯಲ್ಲಿ ಶುರುವಾಗಿ ಟಿವಿಯಲ್ಲೇ ಮುಗಿಯುತ್ತದೆ. ಈ ಸಲ ಹಾಗಾಗಲಿಲ್ಲ. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡ ಭಾರತೀಯ ವೈದ್ಯಕೀಯ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು. ಇಡೀ ಜಿಲ್ಲೆ ಅದನ್ನು ಮನೆಯ ಸಾವು ಅಂತಲೇ ತಗೊಂಡಿತು.

ಅದೇ ವಾರ ವಿಶ್ವಸಂಸ್ಥೆಯಲ್ಲಿ ಮತದಾನಗಳು ನಡೆಯುತ್ತಿದ್ದವು. ಫೆಬ್ರವರಿ 25ರಂದು ಭದ್ರತಾ ಮಂಡಳಿಯಲ್ಲಿ ರಷ್ಯಾವನ್ನು ಖಂಡಿಸುವ ನಿರ್ಣಯಕ್ಕೆ 11 ದೇಶಗಳು ಹೌದು ಅಂದವು, ರಷ್ಯಾ ವೀಟೋ (ಒಬ್ಬರೇ ಬೇಡ ಅಂದರೂ ನಿರ್ಣಯ ಬೀಳುವ ಅಧಿಕಾರ) ಹಾಕಿತು, ಭಾರತ, ಚೀನಾ, ಯುಎಇ ಮತ ಹಾಕದೆ ಉಳಿದವು. ಮಾರ್ಚ್ 2ರಂದು ಸಾಮಾನ್ಯ ಸಭೆಯಲ್ಲಿ 141 ದೇಶಗಳು ಪರ, 5 ವಿರೋಧ, 35 ತಟಸ್ಥ. ಭಾರತ ಮತ್ತೆ ತಟಸ್ಥ. ಅಂದ್ರೆ ಸಾವಿನ ಮರುದಿನವೇ. ಈ ಕಡೆ ಆಪರೇಷನ್ ಗಂಗಾ ನಡೆದಿತ್ತು. ಕೊನೆಗೆ ಸುಮಾರು 22,500 ಭಾರತೀಯರು ವಾಪಸ್ ಬಂದರು.

ಇನ್ನೊಂದು ಸಂಗತಿಯೂ ಗೊತ್ತಿರಲಿ. ಹಿಜಾಬ್ ಗಲಾಟೆಯಿಂದ ಫೆಬ್ರವರಿಯಲ್ಲಿ ರಾಜ್ಯದ ಕಾಲೇಜುಗಳು ಬಂದ್ ಆಗಿ ಆಗಷ್ಟೇ ತೆರೆದಿದ್ದವು. ಪ್ರಿನ್ಸಿಪಾಲರಿಗೆ ತರಗತಿಯಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೂ ಎದೆ ಢವಢವ.

ತರಗತಿಯಲ್ಲಿ ಆಗಿದ್ದು

ಮೇಡಂ ಅವತ್ತು ಪಾಠ ಬದಿಗಿಟ್ಟು, ಭಾರತ ಮತ ಹಾಕದೆ ಉಳಿದದ್ದು ಸರಿಯೋ ತಪ್ಪೋ ಅಂತ ಚರ್ಚೆ ಇಟ್ಟರು. ಹುಡುಗರು ರಷ್ಯಾದ ಮೇಲೆ ಸಿಟ್ಟಾಗಿರುತ್ತಾರೆ, ಸರ್ಕಾರದ ನಿಲುವನ್ನು ತಾನು ವಿವರಿಸಬೇಕಾಗುತ್ತದೆ ಅಂದುಕೊಂಡು ಹೋಗಿದ್ದರು. ಸಿಟ್ಟು ಇತ್ತು, ಆದರೆ ಬೇರೆ ದಿಕ್ಕಿನಲ್ಲಿ. ಇಲ್ಲಿ ಮೆಡಿಕಲ್ ಸೀಟಿಗೆ ಕೋಟಿಗಟ್ಟಲೆ ಕೇಳ್ತಾರೆ, ಅದಕ್ಕೇ ನಮ್ಮ ಹುಡುಗರು ಅಲ್ಲಿಗೆ ಹೋಗೋದು ಅಂತ ಒಬ್ಬ. ನ್ಯಾಟೋ (ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟ) ರಷ್ಯಾದ ಬಾಗಿಲಿಗೇ ಬಂದು ಕೂತರೆ ಅವರೇನು ಸುಮ್ನೆ ಇರ್ತಾರಾ ಅಂತ ಇನ್ನೊಬ್ಬ. ಉಕ್ರೇನ್ ಪಾಕಿಸ್ತಾನಕ್ಕೆ ಟ್ಯಾಂಕ್ ಮಾರಿದ ದೇಶ ಅಂತ ಮತ್ತೊಬ್ಬ (ಅದು ನಿಜ, 1996ರ ಒಪ್ಪಂದದಲ್ಲಿ 320 ಟಿ-80 ಟ್ಯಾಂಕ್). ಸೀಟಿನ ಮಾತಂತೂ ನೂರಕ್ಕೆ ನೂರು ಸರಿ, ಅದನ್ನು ಅಲ್ಲಗಳೆಯುವ ಪ್ರಶ್ನೆಯೇ ಇಲ್ಲ.

ಒಬ್ಬ ಹುಡುಗನ ಮಾತು ಎಲ್ಲರಿಗಿಂತ ಖಾರವಾಗಿತ್ತು. ಅವನ ದೊಡ್ಡಪ್ಪನ ಮಗ ಉಕ್ರೇನಿನಿಂದ ಪೋಲೆಂಡ್ ಗಡಿ ದಾಟಿ ಆಗಷ್ಟೇ ಮನೆಗೆ ಬಂದಿದ್ದ. "ನಮ್ಮಣ್ಣನ್ನ ರೈಲಿಂದ ಕೆಳಗ ಇಳಿಸಿದ್ರಿ. ಮೊದಲ ಅವರ ಮಂದಿ, ಆಮ್ಯಾಲೆ ನಾವು. ಅಂಥಾವ್ರ ಪರ ನಾವ್ಯಾಕ ಮತ ಹಾಕಬೇಕ್ರಿ?" ಇಡೀ ಕ್ಲಾಸು ಬೆಂಚು ಕುಟ್ಟಿತು.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ವರ್ಷವಿಡೀ ಹೆಚ್ಚು ಮಾತಾಡದವಳು, ಎದ್ದು ನಿಂತು ಕೇಳಿದಳು: "ಶೆಲ್ ಒಗದಾವ್ರು ಯಾರ್ರಿ ಮೇಡಂ? ಅದನ್ನ ಯಾರೂ ಅನ್ನವಲ್ರು."

ಒಂದು ಕ್ಷಣ ಯಾರಿಗೂ ಮಾತು ಬರಲಿಲ್ಲ. ಆಮೇಲೆ ಗದ್ದಲವೋ ಗದ್ದಲ. ಖಾರ್ಕಿವ್ ಮೇಲೆ ಶೆಲ್ ಹಾಕುತ್ತಿದ್ದದ್ದು ರಷ್ಯಾದ ಸೇನೆ ಅನ್ನೋದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಬಿಟ್ಟ ಮಾತಲ್ಲ ಅದು, ಬಾಯಿಗೇ ಬಂದಿರಲಿಲ್ಲ, ಅಷ್ಟೇ. ನನಗೆ ಈ ಪ್ರಕರಣದ ತಿರುಳು ಇಲ್ಲೇ ಇದೆ ಅನ್ನಿಸುತ್ತೆ. ತಮ್ಮದೇ ಜಿಲ್ಲೆಯ ಹುಡುಗ ಸತ್ತಿದ್ದಾನೆ, ದುಃಖ ನಿಜವಾದದ್ದು, ಆದರೂ ಅಪರಾಧ ಯಾರದು ಅಂತ ಹುಡುಕುವಾಗ ಮನಸ್ಸು ರಷ್ಯಾವನ್ನು ಬಿಟ್ಟು ಸುತ್ತು ಹಾಕಿ ಹೋಗುತ್ತದೆ. ಯಾಕೆ?

ಯಾರೋ ಆ ಗದ್ದಲದ ತುಣುಕು ಮೊಬೈಲಿನಲ್ಲಿ ಹಿಡಿದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಬಿಟ್ಟರು. ಸಂಜೆಯೊಳಗೆ ಆ ಹುಡುಗಿಗೆ "ದೇಶದ ವಿರುದ್ಧ ಮಾತಾಡ್ತಾಳ" ಅನ್ನೋ ಬಿರುದು. ಮರುದಿನ ಪ್ರಿನ್ಸಿಪಾಲರು ಕರೆದು, "ಸಿಲಬಸ್ ಬಿಟ್ಟು ಆಚೆ ಯಾಕ್ರಿ ಮೇಡಂ, ಈಗಷ್ಟ ಕಾಲೇಜು ತಣ್ಣಗಾಗೈತಿ" ಅಂದರು.

ಮೇಡಂ ಮಾಡಿದ ತೀರ್ಮಾನಗಳು

ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಬಹಳ ಜನ ಬಿಡುತ್ತಾರೆ. ಮೇಡಂ ಬಿಡಲಿಲ್ಲ, ಆದರೆ ದಾರಿ ಬದಲಿಸಿದರು. ಬಾಯಿಮಾತಿನ ಚರ್ಚೆ ಬಂದ್. ಇನ್ನು ಮುಂದೆ ಎಲ್ಲವೂ ಹಾಳೆಯ ಮೇಲೆ, ಹೆಸರು ಬರೆಯದೆ. ಚರ್ಚೆಯಲ್ಲಿ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುತ್ತಾರೆ, ಹಾಳೆಗೆ ಮುಖ ಇಲ್ಲ. ಆ ಹುಡುಗಿಯನ್ನು ಕಾಪಾಡಿದ್ದೂ ಇದೇ.

ಮೊದಲು ಸಂಗತಿಗಳನ್ನು ಕೊಟ್ಟು ನೋಡಿದರು. ಬಲ ಪ್ರಯೋಗ ಬೇಡ ಅನ್ನುವ ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ, ಉಕ್ರೇನಿನ ಗಡಿಯನ್ನು ಗೌರವಿಸುತ್ತೇವೆ ಅಂತ ರಷ್ಯಾ ಸಹಿ ಹಾಕಿದ 1994ರ ಬುಡಾಪೆಸ್ಟ್ ಒಪ್ಪಂದ, ನ್ಯಾಟೋ ಪೂರ್ವಕ್ಕೆ ಬೆಳೆದ ಕಥೆ, ಎಲ್ಲಾ. ಏನೂ ಆಗಲಿಲ್ಲ. ರಷ್ಯಾ ಪರ ಇದ್ದವರು ನ್ಯಾಟೋ ಭಾಗ ಎತ್ತಿಕೊಂಡರು, ಇದ್ದ ಒಂದಿಬ್ಬರು ವಿರೋಧಿಗಳು ಬುಡಾಪೆಸ್ಟ್ ಎತ್ತಿಕೊಂಡರು. ತಮಗೆ ಬೇಕಾದ್ದನ್ನು ಆರಿಸಿಕೊಂಡು ಮೊದಲಿನ ಜಾಗದಲ್ಲೇ ಕೂತರು. ಜಾಸ್ತಿ ಮಾಹಿತಿ ಕೊಟ್ಟರೆ ಅಭಿಪ್ರಾಯ ಬದಲಾಗುತ್ತೆ ಅಂತ ನಂಬುವ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಎರಡನೆಯದಾಗಿ ಮನೆಗೆ ಒಂದು ಕೆಲಸ ಕೊಟ್ಟರು. ರಷ್ಯಾ ನಮ್ಮ ಗೆಳೆಯ ಅಂತ ನಿಮಗೆ ಮೊದಲು ಹೇಳಿದ್ದು ಯಾರು? ಮನೆಯಲ್ಲಿ ಕೇಳಿಕೊಂಡು ಬರೆಯಿರಿ.

ಈ ಹಾಳೆಗಳು ಓದೋಕೆ ಬಲು ಚಂದ. ಬೆಟಗೇರಿಯಲ್ಲಿ ನೇಯ್ಗೆ ಮಾಡುತ್ತಿದ್ದ ಅಜ್ಜ ಒಬ್ಬರು ಮೊಮ್ಮಗಳಿಗೆ 1971ರ ಭಾರತ-ಪಾಕಿಸ್ತಾನ ಯುದ್ಧ ವಿವರಿಸಿದ್ದಾರೆ: ಅಮೆರಿಕ ಹಡಗು ಕಳಿಸಿತು, ರಷ್ಯಾ ನಮ್ಮ ಬೆನ್ನಿಗೆ ನಿಂತಿತು, ರೇಡಿಯೋದಲ್ಲಿ ಕೇಳಿದೆವು. ಅಜ್ಜನ ನೆನಪು ಸರಿಯಾಗಿಯೇ ಇದೆ. ಆ ವರ್ಷ ಆಗಸ್ಟ್ 9ಕ್ಕೆ ಭಾರತ-ಸೋವಿಯತ್ ಒಪ್ಪಂದ ಆಗಿತ್ತು. ಡಿಸೆಂಬರಿನಲ್ಲಿ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯ ಕಡೆ ಹೊರಟಿತ್ತು. ಭದ್ರತಾ ಮಂಡಳಿಯಲ್ಲಿ ಕದನವಿರಾಮದ ನಿರ್ಣಯಗಳಿಗೆ ಸೋವಿಯತ್ ಒಕ್ಕೂಟ ವೀಟೋ ಹಾಕುತ್ತಾ ಹೋಯಿತು. ಇನ್ನೊಬ್ಬ ಹುಡುಗನ ಅತ್ತೆ, ತಾವು ಶಾಲೆಯಲ್ಲಿದ್ದಾಗ ಸೋವಿಯತ್ ಪತ್ರಿಕೆಯ ದಪ್ಪ ನುಣುಪು ಹಾಳೆಗಳನ್ನು ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದದ್ದನ್ನು ಹೇಳಿದ್ದಾರೆ. ಗೋಧಿ ಹೊಲ, ಟ್ರ್ಯಾಕ್ಟರ್ ಮೇಲೆ ನಗುವ ಹೆಂಗಸು, ಹಿಮದಲ್ಲಿ ಆಡುವ ಮಕ್ಕಳು. ಆ ಚಿತ್ರಗಳನ್ನು ನೋಡೋಕೇ ಗಣಿತದ ಪುಸ್ತಕ ಕೈಗೆ ತಗೋತಿದ್ದರಂತೆ. ಆ ಹುಡುಗ ಹಾಳೆಯ ಕೊನೆಗೆ ಬರೆದಿದ್ದಾನೆ: "ನಮ್ಮ ಅತ್ತೆ ರಷ್ಯಾಕ್ಕೆ ಹೋಗಿಲ್ಲ. ಹುಬ್ಬಳ್ಳಿಗೇ ವರ್ಷಕ್ಕೊಮ್ಮೆ ಹೋಗ್ತಾರೆ." ಉಳಿದವರಲ್ಲಿ ಸುಮಾರು ಜನ "ಎಲ್ಲರೂ ಅಂತಾರ" ಅಂತ ಬರೆದು ಮುಗಿಸಿದ್ದಾರೆ. ಅದೂ ಉತ್ತರವೇ.

ಇಲ್ಲಿ ಮೇಡಂ ಒಂದು ಸೂಕ್ಷ್ಮ ಹಿಡಿದರು, ನನಗೆ ಇದು ಹೊಳೆದಿರಲಿಲ್ಲ. ಅಜ್ಜ ನೆನಪಿಸಿಕೊಂಡದ್ದು, ಅತ್ತೆ ನೋಡಿದ್ದು, ಎರಡೂ ಸೋವಿಯತ್ ಒಕ್ಕೂಟ. ಉಕ್ರೇನ್ ಆಗ ಅದರೊಳಗೇ ಇತ್ತು. ಆ ಗೋಧಿ ಹೊಲಗಳಲ್ಲಿ ಎಷ್ಟೋ ಉಕ್ರೇನಿನವೇ ಇರಬೇಕು. ನಮ್ಮ ವಾಯುಪಡೆ ಇವತ್ತಿಗೂ ಹಾರಿಸುವ ಎಎನ್-32 ಸಾಗಾಣಿಕೆ ವಿಮಾನ ಕೀವ್ ನಗರದ ಆಂಟೊನೊವ್ ಕಾರ್ಖಾನೆಯದು. 1971ರಲ್ಲಿ ಕ್ರೆಮ್ಲಿನ್ ಆಳುತ್ತಿದ್ದ ಬ್ರೆಜ್ನೆವ್ ಹುಟ್ಟಿದ್ದೇ ಉಕ್ರೇನಿನಲ್ಲಿ. ಆದರೆ 1991ರಲ್ಲಿ ಮನೆ ಒಡೆದಾಗ ನಮ್ಮ ಪ್ರೀತಿಯಲ್ಲಿ ಹಿಸ್ಸೆ ಆಗಲೇ ಇಲ್ಲ, ಅಪ್ಪನ ಹೊಲವನ್ನೆಲ್ಲ ಹಿರಿಯಣ್ಣನ ಹೆಸರಿಗೇ ಬರೆದ ಹಾಗೆ ಪೂರ್ತಿ ರಷ್ಯಾಕ್ಕೆ ಹೋಯಿತು. ಲೆಕ್ಕ ಹಾಕಿ ಕೊಟ್ಟ ಪ್ರೀತಿಯಾಗಿದ್ದರೆ ಹೀಗಾಗುತ್ತಿರಲಿಲ್ಲ.

ಗೋವಾ ಹಾಳೆ

ಮೂರನೆಯದು ಈ ಪ್ರಕರಣದ ದೊಡ್ಡ ತಿರುವು. ಒಂದು ದಿನ ಮೇಡಂ ಎಲ್ಲರಿಗೂ ಒಂದು ಜೆರಾಕ್ಸ್ ಹಂಚಿದರು. ಅದರಲ್ಲಿ ಇದ್ದದ್ದು ಇಷ್ಟು:

"'ಕ' ಒಂದು ದೊಡ್ಡ ದೇಶ. ಅದರ ಅಂಚಿನಲ್ಲಿ 'ಚ' ದೇಶದ ಆಡಳಿತದ ಒಂದು ಸಣ್ಣ ಪ್ರದೇಶ. ಅಲ್ಲಿಯವರೂ ನಮ್ಮವರೂ ಒಂದೇ ಜನ ಅಂತ 'ಕ' ಹೇಳುತ್ತದೆ. ಅದು ನಮ್ಮ ದೇಶದ ಒಂದು ಪ್ರಾಂತ್ಯ ಅಂತ 'ಚ' ಹೇಳುತ್ತದೆ. ಹದಿನಾಲ್ಕು ವರ್ಷವಾದರೂ ಮಾತಿನಿಂದ ಬಗೆಹರಿಯುವುದಿಲ್ಲ. ಕೊನೆಗೆ 'ಕ' ದೇಶದ ಭೂಸೇನೆ, ನೌಕಾಸೇನೆ, ವಾಯುಸೇನೆ ಮೂರೂ ನುಗ್ಗಿ ಎರಡು ದಿನದಲ್ಲಿ ಆ ಪ್ರದೇಶ ಹಿಡಿಯುತ್ತವೆ. ಸೇನೆ ವಾಪಸ್ ತೆಗೆಯಿರಿ ಎಂಬ ನಿರ್ಣಯಕ್ಕೆ ಭದ್ರತಾ ಮಂಡಳಿಯಲ್ಲಿ 7 ಮತ ಪರ, 4 ವಿರೋಧ. ವಿರೋಧಿಸಿದವರಲ್ಲಿ ಒಬ್ಬರಿಗೆ ವೀಟೋ ಇದ್ದದ್ದರಿಂದ ನಿರ್ಣಯ ಬಿತ್ತು. ನೀವು ಅಲ್ಲಿದ್ದರೆ ಯಾರ ಕಡೆ? ನಾಲ್ಕು ಸಾಲು ಕಾರಣ ಬರೆಯಿರಿ."

ಹೆಚ್ಚಿನವರು 'ಕ' ತಪ್ಪು ಅಂದರು. ದೊಡ್ಡವರು ಸಣ್ಣವರ ಮೇಲೆ ಏರಿ ಹೋಗಬಾರದು, ಒಂದೇ ಜನ ಅಂತ ಹೇಳಿದರೆ ಸಾಕಾ, ಅಲ್ಲಿಯವರನ್ನು ಕೇಳಬೇಕಲ್ವಾ, ವೀಟೋ ಹಾಕಿದವನು ಕಳ್ಳನಿಗೆ ಜಾಮೀನು ಕೊಟ್ಟ ಹಾಗೆ. ಒಬ್ಬ ಹುಡುಗ 'ಕ' ಅಂದ್ರೆ ಚೀನಾ ಇರಬೇಕು ಅಂತ ಬ್ರ್ಯಾಕೆಟ್ಟಿನಲ್ಲಿ ಬರೆದಿದ್ದ.

ಮೇಡಂ ಹಾಳೆಗಳನ್ನು ತಗೊಂಡು, ಬೋರ್ಡಿನ ಮೇಲೆ ಬರೆದರು: ಕ ಅಂದ್ರೆ ಭಾರತ. ಚ ಅಂದ್ರೆ ಪೋರ್ಚುಗಲ್. ಪ್ರದೇಶ ಗೋವಾ. 1961ರ ಡಿಸೆಂಬರ್ 18-19. ವೀಟೋ ಹಾಕಿದ್ದು ಸೋವಿಯತ್ ಒಕ್ಕೂಟ.

ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಕ್ಯಾಸಲ್ ರಾಕ್ ದಾಟಿದ ಮೇಲೆ ಗೋವಾ. ಆ ಕ್ಲಾಸಿನ ಎಷ್ಟೋ ಮನೆಗಳಿಂದ ಜನ ಅಲ್ಲಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಮಹದಾಯಿ ನೀರಿನ ವಿಷಯ ಬಂದರೆ ಗೋವಾ ಅಂತ ಹಲ್ಲು ಕಡಿಯುವ ಹುಡುಗರೇ, ಆ ಕ್ಷಣದಲ್ಲಿ ಗೋವಾ ನಮ್ಮದು ಅಂತ ಎದ್ದು ನಿಂತರು. "ಅದು ಬ್ಯಾರೆರಿ ಮೇಡಂ, ಅದು ವಿಮೋಚನೆ!" ಅವತ್ತು ಅಮೆರಿಕದ ಪ್ರತಿನಿಧಿ ಸ್ಟೀವನ್ಸನ್ ಇದು ವಿಶ್ವಸಂಸ್ಥೆಯ ಸಾವಿನಲ್ಲಿ ಮುಗಿಯಬಹುದಾದ ನಾಟಕದ ಮೊದಲ ಅಂಕ ಅನ್ನುವ ಅರ್ಥದಲ್ಲಿ ಮಾತಾಡಿದ್ದನ್ನು ಮೇಡಂ ಹೇಳಿದಾಗ ಕೆಲವರು ನಕ್ಕೇ ಬಿಟ್ಟರು. ಅಂದ್ರೆ ನಾವು ನಗುವ ಮಾತನ್ನೇ 2022ರಲ್ಲಿ ಯುರೋಪಿನವರು ಗಂಭೀರವಾಗಿ ರಷ್ಯಾಕ್ಕೆ ಹೇಳುತ್ತಿದ್ದರು.

ಆಗ ಬಂತು ನಿಜವಾದ ಕಷ್ಟದ ಪ್ರಶ್ನೆ. ಅಣ್ಣನ್ನ ರೈಲಿನಿಂದ ಇಳಿಸಿದ್ದರು ಅಂದ ಅದೇ ಹುಡುಗ ಕೇಳಿದ: ಹಾಗಾದರೆ ರಷ್ಯಾನೂ ಒಂದೇ ಜನ ಅಂತಲೇ ಅಲ್ಲೇನ್ರಿ ಹೇಳೋದು? ನಮಗೆ ಸರಿ ಆದದ್ದು ಅವರಿಗೆ ಯಾಕೆ ತಪ್ಪು?

ಒಳ್ಳೆಯ ಪ್ರಶ್ನೆ. ಪುಟಿನ್ 2021ರ ಜುಲೈನಲ್ಲಿ ರಷ್ಯನ್ನರು, ಉಕ್ರೇನಿಯನ್ನರು ಐತಿಹಾಸಿಕವಾಗಿ ಒಂದೇ ಅಂತ ಉದ್ದ ಲೇಖನವನ್ನೇ ಪ್ರಕಟಿಸಿದ್ದರು. ಇಲ್ಲಿ ಮೇಡಂ ಎರಡೂ ಒಂದೇ ಅಂತ ಹೇಳಿ ಜಾಣತನ ತೋರಿಸಬಹುದಿತ್ತು, ಇಂಥ ಪಾಠಗಳಲ್ಲಿ ಬಹಳ ಜನ ಜಾರುವುದು ಅಲ್ಲೇ. ಅವರು ಹಾಗೆ ಮಾಡಲಿಲ್ಲ. ಗೋವಾ ವಸಾಹತು ಆಗಿತ್ತು, 1960ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯೇ ಪೋರ್ಚುಗಲ್ ಹಿಡಿತದ ಪ್ರದೇಶಗಳನ್ನು ಸ್ವಯಮಾಡಳಿತ ಇಲ್ಲದವು ಅಂತ ಪಟ್ಟಿ ಮಾಡಿತ್ತು, ಅದರಲ್ಲಿ ಗೋವಾ ಇತ್ತು. ಉಕ್ರೇನ್ ತನ್ನದೇ ಸರ್ಕಾರ ಇರುವ ದೇಶ. 1991ರ ಡಿಸೆಂಬರ್ 1ರ ಜನಮತದಲ್ಲಿ ಅಲ್ಲಿಯವರು ಶೇ. 90ಕ್ಕಿಂತ ಜಾಸ್ತಿ ಸ್ವಾತಂತ್ರ್ಯಕ್ಕೆ ಹೌದು ಅಂದಿದ್ದರು. ಒಂದೇ ಜನ ಅನ್ನುವ ಮಾತು ಎರಡೂ ಕಡೆ ಇದೆ, ಆದರೆ ಅಲ್ಲಿಯವರು ಏನಂದರು ಅಂತ ಕೇಳಿದರೆ ಎರಡು ಕಥೆಗಳು ಬೇರೆ ಆಗುತ್ತವೆ. ಹೆಸರು ಗೊತ್ತಿಲ್ಲದಾಗ ಹುಡುಗರೇ ಇದನ್ನು ಬರೆದಿದ್ದರಲ್ಲ, ಅಲ್ಲಿಯವರನ್ನು ಕೇಳಬೇಕಲ್ವಾ ಅಂತ.

ಕೊನೆಗೆ ಏನಾಯ್ತು

ಕೊನೆಯ ಹಾಳೆ: ಭಾರತದ ಪ್ರತಿನಿಧಿಯಾಗಿ ಮಾರ್ಚ್ 2ರ ಭಾಷಣ ಬರೆಯಿರಿ. ಒಂದೇ ನಿಯಮ. ರಷ್ಯಾ ಹಳೆಯ ಗೆಳೆಯ ಅನ್ನುವ ಕಾರಣ ಕೊಡುವ ಹಾಗಿಲ್ಲ, ಬೇರೆ ಕಾರಣ ಬೇಕು.

ಯಾರಾದರೂ ಪೂರ್ತಿ ಪಕ್ಷ ಬದಲಿಸಿದರಾ? ಬೆರಳೆಣಿಕೆಯಷ್ಟು. ತಟಸ್ಥ ಇರೋಣ ಅಂದವರೇ ಹೆಚ್ಚು. ಆದರೆ ಕಾರಣಗಳು ಬೇರೆಯಾಗಿದ್ದವು. ನಮ್ಮ ಮಕ್ಕಳು ಇನ್ನೂ ಉಕ್ರೇನಿನ ಸುಮಿ ನಗರದಲ್ಲಿ ಸಿಕ್ಕಿಬಿದ್ದಿದ್ದಾರೆ, ಎರಡೂ ಸೇನೆ ಗುಂಡು ನಿಲ್ಲಿಸಿದರೆ ಮಾತ್ರ ಬಸ್ ಹೊರಡುತ್ತೆ. ಗಾಲ್ವಾನ್‌ನಲ್ಲಿ 2020ರಲ್ಲಿ 20 ಸೈನಿಕರನ್ನು ಕಳಕೊಂಡಿದ್ದೇವೆ, ಗಡಿಯಲ್ಲಿ ಚೀನಾ ಇರುವಾಗ ಶಸ್ತ್ರಾಸ್ತ್ರದ ಬಿಡಿಭಾಗ ಕೊಡುವವರನ್ನು ಎದುರು ಹಾಕಿಕೊಳ್ಳೋದು ಹೇಗೆ. ಅದೇ ಗಾಲ್ವಾನ್ ಹಿಡಿದು ಒಂದು ಗುಂಪು ಉಲ್ಟಾ ಬರೆದಿತ್ತು: ಬಲ ಇದ್ದವನು ಗಡಿ ಬದಲಿಸಬಹುದು ಅಂತ ನಾವು ಒಪ್ಪಿದರೆ ನಾಳೆ ಲಡಾಖ್‌ನಲ್ಲಿ ಏನು ಹೇಳ್ತೀವಿ? ನನಗೆ ತುಂಬಾ ಹಿಡಿಸಿದ್ದು ಹಲವು ಹಾಳೆಗಳಲ್ಲಿ ಬಂದ ಒಂದು ವಾಕ್ಯ, ಸ್ವಲ್ಪ ಹಿಂದೆ ಮುಂದೆ ಆಗಿ: "ರಷ್ಯಾ ಮಾಡಿದ್ದು ತಪ್ಪು, ಆದರೂ ನಾವು ಈಗ ಮತ ಹಾಕಬಾರದು." ಮೊದಲ ದಿನ ಈ ಎರಡು ಮಾತು ಒಂದೇ ವಾಕ್ಯದಲ್ಲಿ ಸೇರೋಕೆ ಸಾಧ್ಯವೇ ಇರಲಿಲ್ಲ. ಮತ ಹಾಕದೆ ಇರಬೇಕಾದರೆ ರಷ್ಯಾ ತಪ್ಪೇ ಮಾಡಿಲ್ಲ ಅಂತ ನಂಬಬೇಕಾಗಿತ್ತು.

ರೈಲಿನ ಹುಡುಗ ಜಗ್ಗಲಿಲ್ಲ. ಅವನ ಭಾಷಣ ಯುರೋಪಿನ ಮೇಲೆ. ಅದರಲ್ಲಿ ಹುರುಳಿದೆ ಅಂತ ನಾನು ಹೇಳ್ತೀನಿ. ಗಡಿಯಲ್ಲಿ ತಮ್ಮನ್ನು ಹಿಂದೆ ತಳ್ಳಿದರು ಅಂತ ಆಗ ಭಾರತದ, ಆಫ್ರಿಕಾದ ಎಷ್ಟೋ ವಿದ್ಯಾರ್ಥಿಗಳು ಹೇಳಿದ್ದರು. ನಿರಾಶ್ರಿತರಿಗೆ ಕೂಡಲೇ ಆಶ್ರಯ ಕೊಡುವ ಕಾನೂನನ್ನು ಯುರೋಪಿಯನ್ ಒಕ್ಕೂಟ 2001ರಲ್ಲೇ ಮಾಡಿಟ್ಟಿತ್ತು, 2015ರಲ್ಲಿ ಸಿರಿಯಾದವರು ಬಂದಾಗಲೂ ಅದನ್ನು ಬಳಸಲಿಲ್ಲ, ಮೊದಲ ಸಲ ಬಳಸಿದ್ದು 2022ರ ಮಾರ್ಚ್ 4ರಂದು ಉಕ್ರೇನಿನವರಿಗೆ. ನಮ್ಮವರು ಅನ್ನುವ ಭಾವನೆ ಹಾವೇರಿಯಲ್ಲಷ್ಟೇ ಅಲ್ಲ, ಬ್ರಸೆಲ್ಸ್‌ನಲ್ಲೂ ನೀತಿ ಬರೆಯುತ್ತದೆ. ವಿದೇಶಾಂಗ ಸಚಿವ ಜೈಶಂಕರ್ ಅದೇ ಜೂನ್‌ನಲ್ಲಿ, ಯುರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ಮಾತ್ರ ಯುರೋಪಿನದಲ್ಲ ಅನ್ನುವ ಮನೋಭಾವ ಬಿಡಿ ಅಂದಾಗ ಆ ಹುಡುಗ ಮೇಡಂಗೆ ವಿಡಿಯೋ ಕಳಿಸಿದ್ದ.

ಇದರಿಂದ ನಾನು ತಗೊಂಡದ್ದು

ಕೆಲವು ಸಹೋದ್ಯೋಗಿಗಳು ಇದನ್ನೆಲ್ಲ ಕೇಳಿ, ಅಷ್ಟೆಲ್ಲ ಯಾಕ್ರಿ, ಅಗ್ಗದ ತೈಲ ಸಿಗ್ತು, ಅದಕ್ಕೇ ನಾವು ರಷ್ಯಾ ಪರ ಅಂತಾರೆ. ತಾರೀಖು ನೋಡಿ. ಯುದ್ಧಕ್ಕೆ ಮೊದಲು ನಮ್ಮ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ಸುಮಾರು ಶೇ. 2, ಅದು ಮೂರನೇ ಒಂದು ಭಾಗ ದಾಟಿದ್ದು 2023ರಲ್ಲಿ. ಬೆಂಚು ಕುಟ್ಟಿದ್ದು 2022ರ ಮಾರ್ಚ್ ಮೊದಲ ವಾರ. ಇನ್ನೂ ಹಿಂದೆ ಹೋಗಿ: 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದಾಗ ನಾವು ತಟಸ್ಥ, 1980ರ ಜನವರಿಯಲ್ಲಿ ಅಫ್ಘಾನಿಸ್ತಾನದ ನಿರ್ಣಯ ಬಂದಾಗಲೂ ತಟಸ್ಥ. ಲಾಭದ ಲೆಕ್ಕ ಇಲ್ಲ ಅಂತ ನಾನು ಹೇಳ್ತಿಲ್ಲ, ಶಸ್ತ್ರಾಸ್ತ್ರದ ಲೆಕ್ಕ ದೊಡ್ಡದೇ. ಆದರೆ ಲೆಕ್ಕ ಹಾಕೋಕೆ ಮೊದಲೇ ಯಾರು ನಮ್ಮವರು ಅಂತ ತೀರ್ಮಾನ ಆಗಿರುತ್ತೆ. ಅಂತರರಾಷ್ಟ್ರೀಯ ಸಂಬಂಧಗಳ ಚಿಂತಕ ಅಲೆಕ್ಸಾಂಡರ್ ವೆಂಟ್ 1995ರಲ್ಲಿ ಕೊಟ್ಟ ಉದಾಹರಣೆ ನಮ್ಮ ಹುಡುಗರಿಗೂ ಗೊತ್ತು: ಅಮೆರಿಕಕ್ಕೆ ಬ್ರಿಟನ್ನಿನ 500 ಅಣ್ವಸ್ತ್ರಕ್ಕಿಂತ ಉತ್ತರ ಕೊರಿಯಾದ 5 ಅಣ್ವಸ್ತ್ರದ ಭಯ ಜಾಸ್ತಿ.

ಪೋರ್ಚುಗಲ್ ಕಥೆ ಇದಕ್ಕಿಂತ ಗಟ್ಟಿ ಸಾಕ್ಷಿ, ನಮ್ಮ ಪಾಠಗಳಲ್ಲಿ ಯಾರೂ ಹೇಳೋದಿಲ್ಲ. ಸಾಲಜಾರ್ ಸರ್ಕಾರ 1951ರಲ್ಲಿ ಸಂವಿಧಾನ ತಿದ್ದಿ ವಸಾಹತುಗಳನ್ನೆಲ್ಲ ಸಾಗರದಾಚೆಯ ಪ್ರಾಂತ್ಯಗಳು ಅಂತ ಮಾಡಿತು. ಹಾಗಾಗಿ ಗೋವಾ ಬಿಡುವುದು ಅಂದ್ರೆ ಅವರಿಗೆ ದೇಶವನ್ನೇ ಕತ್ತರಿಸಿ ಕೊಟ್ಟ ಹಾಗೆ. 1961ರಲ್ಲಿ ಕೊನೆಯ ತನಕ ಹೋರಾಡಿ ಅಂತ ಆಜ್ಞೆ ಮಾಡಿದರು, ಗವರ್ನರ್ ಕೇಳದೆ ಶರಣಾದರು. ಆದರೂ ಹದಿಮೂರು ವರ್ಷ ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಲಿಲ್ಲ. 1974ರ ಏಪ್ರಿಲ್ 25ರ ಕ್ರಾಂತಿಯಲ್ಲಿ ಆ ಆಡಳಿತ ಬಿತ್ತು, ಅದೇ ವರ್ಷ ಡಿಸೆಂಬರ್ 31ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಗೋವಾದ ನೆಲ ಅದೇ, ನಮ್ಮ ಸೇನೆ ಅದೇ. ಪೋರ್ಚುಗಲ್ ತನ್ನನ್ನು ತಾನು ಏನಂದುಕೊಂಡಿತ್ತೋ ಅದು ಬದಲಾಗಿತ್ತು.

ಮೇಡಂ ಇದನ್ನು ಹೊಸ ಬ್ಯಾಚಿಗೂ ಮಾಡಿಸಿದ್ದಾರೆ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ನಂತರ, ಪಾಕಿಸ್ತಾನಕ್ಕೆ ಡ್ರೋನ್ ಕೊಟ್ಟ ಟರ್ಕಿಯ ಸೇಬು ಬೇಡ ಅಂತ ವ್ಯಾಪಾರಿಗಳು ಶುರು ಮಾಡಿದ್ದಾಗ, ಟರ್ಕಿಯ ಮೇಲೆ ಇಂಥದ್ದೇ ಹಾಳೆ ಮಾಡಿ ನೋಡಿದರು. 2023ರ ಭೂಕಂಪಕ್ಕೆ ಅದೇ ಟರ್ಕಿಗೆ ನಾವು ಆಪರೇಷನ್ ದೋಸ್ತ್ ಅಂತ ಹೆಸರಿಟ್ಟು ಸಹಾಯ ಕಳಿಸಿದ್ದೆವು. ಆ ಹಾಳೆ ಕೆಲಸ ಮಾಡಲಿಲ್ಲ. ಡ್ರೋನ್ ಅನ್ನುವ ಪದ ಕಂಡ ಕೂಡಲೇ ಎಲ್ಲರೂ ಹೆಸರು ಹೇಳಿಬಿಟ್ಟರು, ಹೆಸರು ಗೊತ್ತಾದ ಮೇಲೆ ಹಾಳೆ ವೇಸ್ಟು. ಬಿಸಿಯಾಗಿರುವ ವಿಷಯವನ್ನೇ ನೇರವಾಗಿ ಎತ್ತಬೇಡಿ, ಹಳೆಯದು, ನಮ್ಮದೇ, ಹತ್ತಿರದ್ದು ಬೇಕು. (1961ರಲ್ಲಿ ನಮ್ಮ ವಿರುದ್ಧದ ಆ ನಿರ್ಣಯ ಮಂಡಿಸಿದ ದೇಶಗಳಲ್ಲಿ ಟರ್ಕಿಯೂ ಒಂದು, ಅದನ್ನು ಹಾಳೆ ವಾಪಸ್ ತಗೊಂಡ ಮೇಲೆ ಹೇಳಿ, ಕ್ಲಾಸಿಗೆ ಮಜಾ ಬರುತ್ತೆ.)

ಗೋವಾ ಹಾಳೆ ಬಳಸುವವರು ಒಂದು ತಿದ್ದುಪಡಿ ಮಾಡಿಕೊಳ್ಳಿ. ಹದಿನಾಲ್ಕು ವರ್ಷ ಅಂತ ಬರೆಯಬೇಡಿ, ಹಲವು ವರ್ಷ ಅಂತಷ್ಟೇ ಬರೆಯಿರಿ. ಕಳೆದ ಬ್ಯಾಚಿನಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು 1961ರಿಂದ 1947 ಕಳೆದು, ಉತ್ತರದ ಜಾಗದಲ್ಲಿ "ಗೋವಾ, ಅಲ್ಲೇನ್ರಿ?" ಅಂತ ಬರೆದು ಸುಮ್ನೆ ಕೂತಿದ್ದಳಂತೆ.